ಗೇಣುದ್ದದ ಗಿಡ

"ಒಂದು ಗೇಣು ಗಿಡ ಕೀಳಕ್ಕಾಗಲ್ಲ, ಆರಡಿ ಆಳು! ನಿನ್ನ ಬದಲು ಗೇಟಿಗೊಂದು ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡ್ತಿತ್ತು!"

ಮೇಲ್ವಿಚಾರಕರು ಕಾವಲುಗಾರನಿಗೆ ಇದನ್ನು ಅಂದದ್ದು ಅಡುಗೆಯಕ್ಕ, ಜೀಪಿನ ಡ್ರೈವರ್, ಅಷ್ಟು ಸಾಲದೆಂಬಂತೆ ಅವನ ಹೆಂಡತಿಯ ಎದುರಿಗೇ. ಅವಳ ಸೊಂಟದ ಮೇಲಿದ್ದ ಮಗಳು ಮಾತ್ರ ಅಪ್ಪನನ್ನು ಯಾರೋ ಹೊಗಳುತ್ತಿದ್ದಾರೆಂದು ಚಪ್ಪಾಳೆ ತಟ್ಟಿದಳು.

ಹುಲ್ಲುಗಾವಲಿನ ನಡುವಿನ ಅರಣ್ಯ ಠಾಣೆ ಅದು. ಎತ್ತ ನೋಡಿದರೂ ಎದೆಮಟ್ಟದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಛತ್ರಿ ಬಿಚ್ಚಿದಂಥ ಮರ. ಸಂಜೆ ದೊಡ್ಡ ಸಾಹೇಬರು ಬರುವವರಿದ್ದರು. ಗುಡಿಸಿಟ್ಟ ಅಂಗಳದ ನಟ್ಟನಡುವೆ ಈ ಗಿಡ ನಾಲ್ಕೆಲೆ ಬಿಟ್ಟುಕೊಂಡು, ಕರೆಯದೆ ಬಂದ ನೆಂಟನ ಹಾಗೆ ನಿಂತಿತ್ತು.

"ಸಾಹೇಬರು ಬಂದಾಗ ಇದು ಇಲ್ಲಿದ್ರೆ, ನೀನು ಇಲ್ಲಿರಲ್ಲ. ಬೇಸಿಗೆ ಪೂರ್ತಿ ಗುಡ್ಡದ ಮೇಲಿನ ಗೋಪುರದಲ್ಲಿ ಕೂತು ಕಾಡ್ಗಿಚ್ಚು ಕಾಯಿ!"

ಕಾವಲುಗಾರನಿಗೆ ಗೊತ್ತು, ಗೋಪುರ ಹತ್ತಿದವನು ಮಳೆ ಬೀಳುವವರೆಗೆ ಇಳಿಯುವಂತಿಲ್ಲ. ಮಗಳು ಗೋಡೆ ಹಿಡಿದು ನಿಲ್ಲಲು ಕಲಿತದ್ದು ನಿನ್ನೆ. ಅವಳು ಮೊದಲ ಹೆಜ್ಜೆ ಇಡುವಾಗ ಅಪ್ಪ ಗುಡ್ಡದ ಮೇಲೆ ಹೊಗೆ ಹುಡುಕುತ್ತ ಕೂತಿರಬೇಕೇ?

ಅವನು ಎರಡೂ ಕೈಯಲ್ಲಿ ಎಳೆದ. ಗಿಡ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಬುಡಕ್ಕೆ ನೀರು ಹಾಕು ತಮ್ಮಾ, ಸಡಿಲ ಆಗತ್ತೆ," ಅಂದಳು ಅಡುಗೆಯಕ್ಕ. ಹಾಕಿದ, ಎಳೆದ, ಕೆಸರಲ್ಲಿ ಅಂಗಾತ ಬಿದ್ದ.

"ಏಳೋ, ಜೀಪಿಗೆ ಕಟ್ಟಿ ಎಳೆಯೋಣ," ಅಂದ ಡ್ರೈವರ್. ಬುಡಕ್ಕೆ ಹಗ್ಗ ಬಿಗಿದರು. ಜೀಪು ಗುರ್ರೆಂದು ಮುಂದೆ ಹೋಯಿತು. ಅದರ ಬಂಪರು ಗಿಡದ ಹತ್ತಿರವೇ ಉಳಿಯಿತು.

ಇನ್ನು ಅಗೆಯುವುದೊಂದೇ ದಾರಿ. ಅಗೆದರೆ ಬೇರಲ್ಲ ಅದು, ತೊಡೆಗಾತ್ರದ ಕೊಂಬೆ! ಅದಕ್ಕೊಂದು ಮರಿಕೊಂಬೆ, ಆ ಮರಿಗೊಂದು ಮರಿ. ಇಡೀ ಮರವೇ ಅಂಗಳದಡಿ ಕಾಲು ಚಾಚಿ ಮಲಗಿತ್ತು. "ತುದಿ ಸಿಕ್ಕಿದ್ರೆ ತಾನೇ ಬರತ್ತೆ ಕಣೋ," ಎಂದು ಡ್ರೈವರ್ ಗುದ್ದಲಿ ಹಿಡಿದ. ಹೆಂಡತಿ ಮಗುವನ್ನು ಅಡುಗೆಯಕ್ಕನ ಕೈಗಿಟ್ಟು ಮಣ್ಣಿನ ಬುಟ್ಟಿ ಹೊತ್ತಳು. ಅಗೆದ ಗುಂಡಿ ಕಾಲುವೆಯಾಗಿ ಅಡುಗೆಮನೆ ದಾಟಿತು, ಸಿಬ್ಬಂದಿ ಮನೆಗಳ ಹಿಂದೆ ಉದ್ದಕ್ಕೂ ಸಾಗಿತು. ಮೇಲ್ವಿಚಾರಕರು ಊಟ ಮುಗಿಸಿ, ನಿದ್ದೆ ಹೊಡೆದು, ಸ್ನಾನಕ್ಕಿಳಿದ ಹೊತ್ತಿಗೆ ಸರಿಯಾಗಿ ಕಾವಲುಗಾರನ ಗುದ್ದಲಿ ಅವರ ಬಚ್ಚಲಿನ ಪೈಪಿಗೆ ಬಿತ್ತು. ನೀರು ಭುಸ್ಸೆಂದು ಕಾಲುವೆ ತುಂಬಿತು.

"ಯಾವನೋ ಅವನು!" ಟವೆಲು ಸುತ್ತಿಕೊಂಡು, ತಲೆತುಂಬ ಸೋಪಿನ ನೊರೆ ಹೊತ್ತು ಓಡಿಬಂದ ಮೇಲ್ವಿಚಾರಕರು ಬಾಯಿ ತೆರೆದವರು ತೆರೆದೇ ಉಳಿದರು. ಮನೆಗಳ ಹಿಂದಿನ ಹುಲ್ಲಿನಲ್ಲಿ ಬೆಂಕಿ ಚಟಪಟನೆ ಓಡಿಬರುತ್ತಿತ್ತು.

ಬಂದ ಬೆಂಕಿ ಹಸಿಮಣ್ಣಿನ ರಾಶಿ ಮುಟ್ಟಿತು, ಕಾಲುವೆ ನೀರು ನೋಡಿತು, ಕಚ್ಚುವ ನಾಯಿಯ ಮನೆ ಕಂಡ ದಾರಿಹೋಕನಂತೆ ಅಲ್ಲೇ ನಿಂತು ಸುಸ್ತಾಯಿತು. ಹಾರಿದ ಕಿಡಿಗಳನ್ನು ಎಲ್ಲರೂ ಒದ್ದೆ ಗೋಣಿಚೀಲದಲ್ಲಿ ಬಡಿದರು.

ಹೆಂಡತಿ ಮಗಳನ್ನು ಎದೆಗೊತ್ತಿಕೊಂಡು, "ಪುಣ್ಯಾತ್ಮ ಗಿಡ ಕಣ್ರೀ," ಅಂದಳು. ಕಾವಲುಗಾರ ಬೆಳಗಿನಿಂದ ಬೈದ ಗಿಡಕ್ಕೆ ಕೈ ಮುಗಿದ. ಮೇಲ್ವಿಚಾರಕರು ಅವನನ್ನು ಸೋಪಿನ ಸಮೇತ ತಬ್ಬಿಕೊಂಡರು. "ನನ್ನ ಹೆಂಡ್ತಿ ಮಕ್ಕಳೂ ಒಳಗಿದ್ರು ಕಣಯ್ಯಾ. ಗೋಪುರದ ಮಾತು ಮರೆತುಬಿಡು."

ಅಷ್ಟರಲ್ಲಿ ದೊಡ್ಡ ಸಾಹೇಬರು ಬಂದರು. ಮೇಲ್ವಿಚಾರಕರು ಋಣ ತೀರಿಸುವ ಹುಮ್ಮಸ್ಸಿನಲ್ಲಿ ಒಂದಕ್ಕೆ ಹತ್ತು ಸೇರಿಸಿದರು: "ಬೆಂಕಿ ಬರತ್ತೆ ಅಂತ ಇವನಿಗೆ ಬೆಳಿಗ್ಗೆನೇ ವಾಸನೆ ಹತ್ತಿತ್ತು ಸಾರ್!"

ಸಾಹೇಬರು ಮೊದಲು ಗಿಡದ ಮುಂದೆ ಮಂಡಿಯೂರಿದರು. "ಬೆಂಕಿಗೆ ಸಿಗಬಾರದು ಅಂತ ನೆಲದೊಳಗೇ ಬೆಳೆಯೋ ಮರ ಇದು. ಯಾರೂ ಮುಟ್ಟಬೇಡಿ, ಇಲ್ಲೇ ಇರಲಿ." ಆಮೇಲೆ ಕಾವಲುಗಾರನ ಬೆನ್ನು ತಟ್ಟಿದರು. "ಇಂಥ ಮೂಗು ಗೇಟಲ್ಲಿ ವ್ಯರ್ಥ ಆಗಬಾರದು. ನಾಳೆಯಿಂದ ಗೋಪುರ ನಿಂದು. ಬರೀ ಬೇಸಿಗೆ ಅಲ್ಲಪ್ಪಾ, ವರ್ಷಪೂರ್ತಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಮಗಳು ಕೊಸರಿಕೊಂಡು ಕೆಳಗಿಳಿದಳು, ಅಮ್ಮನ ಸೆರಗು ಬಿಟ್ಟಳು, ಅಪ್ಪನ ಕಡೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಮೂರನೆಯದಕ್ಕೆ ಅವನ ಮೊಣಕಾಲಿಗೆ ಬಂದು ಬಿದ್ದಳು.

"ಏನಯ್ಯಾ, ಸಾಹೇಬರಿಗೆ ಒಂದು ಮಾತೂ ಹೇಳಲ್ವಾ?" ಮೇಲ್ವಿಚಾರಕರು ಕೂಗಿದರು.

"ನನ್ನ ಮಗಳು ನಡೆದ್ಲು ಸಾರ್!" ಅಂದವನೇ ಅವಳನ್ನು ಹೆಗಲಿಗೇರಿಸಿಕೊಂಡು, ಗಿಡದ ನಾಲ್ಕೆಲೆಗೆ ಕಾಲು ತಾಗದಂತೆ ಬಳಸಿ, ಮನೆಯ ಕಡೆ ನಡೆದ.