ಮೊತ್ತಾಯಿನಾಯ್ ಮತ್ತು ನಮ್ಮತ್ತೆಯ ಸೌಟು

ಅಮೆರಿಕದ ಜರ್ಮನ್‌ಟೌನ್‌ನ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಒಂದು ಫಜೀತಿ ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತಿತ್ತು. ತೊಂಬತ್ತರ ದಶಕದ ಒಂದು ಮಾರ್ಚ್ ತಿಂಗಳನ್ನಂತೂ ಮರೆಯಲಾರೆ. ನನ್ನ ಕಾಂಟ್ರಾಕ್ಟ್ ಮುಗಿಯುತ್ತಿತ್ತು. ಮುಂದುವರಿಸಿ ಎಂದು ನಮ್ಮ ಜಪಾನಿ ಬಾಸ್ ರಿಪೋರ್ಟ್ ಬರೆದರೆ ಉಂಟು, ಇಲ್ಲದಿದ್ದರೆ ಕೆಲಸದ ಜೊತೆಗೆ ವೀಸಾನೂ ಇಲ್ಲ.

೧. ಕಸದ ಬುಟ್ಟಿ

ಒಂದೇ ಕಡೆ ಪ್ರಿಂಟ್ ಆಗಿದ್ದ ಹಾಳೆಗಳ ಕಟ್ಟನ್ನು ಕಸದ ಬುಟ್ಟಿಗೆ ಎಸೆದೆ. ಹಿಂದೆ ಬಾಸ್ ನಿಂತಿದ್ದರು. "ಮೊತ್ತಾಯಿನಾಯ್" ಎಂದು ನಿಟ್ಟುಸಿರು ಬಿಟ್ಟು, ಬಗ್ಗಿ ಒಂದೊಂದೇ ಹಾಳೆ ಆರಿಸಿಕೊಂಡರು.

ಹೆದರುತ್ತಲೇ ಅರ್ಥ ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. 'ಮೊತ್ತಾಯಿ' ಎಂದರೆ ಬೌದ್ಧ ಭಿಕ್ಷುಗಳ ಕಾಲದ ಮಾತಂತೆ, ಒಂದು ವಸ್ತುವಿಗೆ ಸಲ್ಲಬೇಕಾದ ಘನತೆ. 'ನಾಯ್' ಎಂದರೆ ಇಲ್ಲ. ಹಿಂದೆ ದೊಡ್ಡವರು ಉಪಕಾರ ಮಾಡಿದರೆ "ಇದು ನನ್ನ ಯೋಗ್ಯತೆಗೆ ಮೀರಿದ್ದು" ಎನ್ನುವುದಕ್ಕೂ ಇದೇ ಮಾತು. ಈಗ ಏನಾದರೂ ದಂಡವಾದರೆ ಅದಕ್ಕಾಗಿ ಹೀಗೆ ಮರುಗುತ್ತಾರಂತೆ.

ವಿವರಣೆಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ನನ್ನ ಎಕ್ಸ್‌ಪೆರಿಮೆಂಟ್ ಹಾಳಾಗಿತ್ತು. ಅದಕ್ಕೆ ಯಾರೂ ಮರುಗಲಿಲ್ಲ.

೨. ಮೊಸರಿನ ಡಬ್ಬಿಗಳು

ಮೈಸೂರಿನಿಂದ ನಮ್ಮತ್ತೆ ಆರು ತಿಂಗಳಿಗೆಂದು ಬಂದಿದ್ದರು. ಅವರಿಗೆ ಇದನ್ನು ಹೇಳಿದೆ.

"ಇದನ್ನ ಕಲಿಸೋಕೆ ಜಪಾನಿನವರು ಬೇಕಾಯ್ತಾ ನಿನಗೆ? ನಾನು ಬಂದಾಗಿಂದ ಬಾಯಿ ಬಡ್ಕೋತಿದೀನಿ" ಎಂದು ಅತ್ತೆ ಕಪಾಟು ತೆರೆದರು. ತೊಳೆದಿಟ್ಟ ಮೊಸರಿನ ಡಬ್ಬಿಗಳು, ಮಡಿಸಿದ ಬ್ರೆಡ್ ಕವರುಗಳು, ರಬ್ಬರ್ ಬ್ಯಾಂಡುಗಳು. "ತಗೊಂಡು ಹೋಗಿ ತೋರಿಸು. ಕೆಲಸ ಉಳಿಯತ್ತೆ."

ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ, ತೆಗೆದುಕೊಂಡು ಹೋದೆ. ಬಾಸ್ ಒಂದೊಂದು ಡಬ್ಬಿಯನ್ನೂ ತಿರುಗಿಸಿ ನೋಡಿ, ಈ ಮಹಾತಾಯಿಯನ್ನು ಕಾಣಬೇಕು ಎಂದರು. ಮೂರು ವರ್ಷ ದುಡಿದ ನನಗೆ ಸಿಗದ ಮೆಚ್ಚುಗೆ ಮೊಸರಿನ ಡಬ್ಬಿಗಳಿಗೆ ಸಿಕ್ಕಿತು.

೩. ಬಿಸಿಬೇಳೆ ಭಾತ್

ಶನಿವಾರ ಮಧ್ಯಾಹ್ನ ಬಾಸ್ ಊಟಕ್ಕೆ ಬಂದರು. ಅತ್ತೆ ಬಿಸಿಬೇಳೆ ಭಾತ್ ಬಡಿಸಿದರು. ಬಿಟ್ಟರೆ ಅನ್ನದ ಘನತೆ ಹೋಗುತ್ತದಲ್ಲ, ಬಾಸ್ ಒಂದಗುಳೂ ಬಿಡದೆ ತಿಂದರು. ಖಾಲಿ ತಟ್ಟೆ ಕಂಡರೆ ನಮ್ಮತ್ತೆ ಸುಮ್ಮನಿರುವವರಲ್ಲ. ಇನ್ನೊಂದು ಸೌಟು ಬಿತ್ತು. ಅದೂ ಖಾಲಿ. ಮತ್ತೆ ಸೌಟು.

ನಾಲ್ಕನೇ ಸಲಕ್ಕೆ ಅವರ ಹಣೆಯಲ್ಲಿ ಬೆವರು. ಈ ಮನುಷ್ಯ ಆಸ್ಪತ್ರೆ ಸೇರಿದರೆ ನನ್ನ ರಿಪೋರ್ಟ್ ಬರೆಯುವವರು ಯಾರು?

"ಅತ್ತೆ, ಸಾಕು, ಸರ್ವ್ ಮಾಡ್ಬೇಡಿ" ಎಂದು ಪಿಸುಗುಟ್ಟಿದೆ.

"ತಟ್ಟೆ ಖಾಲಿ ಇದೆ. ಪಾಪ, ಕೇಳೋಕೆ ಸಂಕೋಚ ಅವರಿಗೆ."

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ನನ್ನ ಮಗಳಿಗೆ ಕರುಣೆ ಬಂತು. ತಟ್ಟೆಗೆ ಎರಡೂ ಕೈ ಅಡ್ಡ ಇಡಿ ಅಂಕಲ್ ಎಂದು ಇಂಗ್ಲಿಷಿನಲ್ಲಿ ಹೇಳಿಕೊಟ್ಟಳು. ಅವರು ಇಟ್ಟರು. ನಮ್ಮ ಕಡೆ ಕೈ ಅಡ್ಡ ಹಿಡಿದರೆ ಇನ್ನೂ ಸ್ವಲ್ಪ ಬಲವಂತ ಮಾಡಿ ಎಂದೇ ಲೆಕ್ಕ. ಅತ್ತೆ ಬೆರಳ ಪಕ್ಕದಲ್ಲಿ ಜಾಗ ಹುಡುಕಿ ಬಡಿಸಿದರು, ಮೇಲೊಂದು ಚಮಚ ತುಪ್ಪ. ಆರನೇ ಸಲಕ್ಕೆ ಪಾತ್ರೆ ಖಾಲಿಯಾಗಿ ಅವರು ಬದುಕಿಕೊಂಡರು.

ಸೋಮವಾರ ಬಾಸ್ ಕರೆದರು. ರಿಪೋರ್ಟ್ ಮುಂದಿಟ್ಟರು. ಮುಂದುವರಿಸಿ ಎಂದು ಬರೆದು, ಕೆಳಗೆ "ಇವರ ಮನೆಯಲ್ಲಿ ಒಂದಗುಳು ಅನ್ನವೂ ದಂಡವಾಗುವುದಿಲ್ಲ, ಕಣ್ಣಾರೆ ಕಂಡಿದ್ದೇನೆ" ಎಂದು ಸೇರಿಸಿದ್ದರು. ಅಷ್ಟೂ ಹೋದದ್ದು ಅವರ ಹೊಟ್ಟೆಗೇ ಎಂದು ನಾನು ನೆನಪಿಸಲಿಲ್ಲ.

ಸಂತೋಷಕ್ಕೆ ಅಳುತ್ತಲೇ ಡ್ರೈವ್ ಮಾಡಿಕೊಂಡು ಮನೆಗೆ ಬಂದೆ. ಸುದ್ದಿ ಕೇಳಿ ಅತ್ತೆ ದೇವರಿಗೆ ಕೈ ಮುಗಿದರು.

"ಪಾಪ, ಅವತ್ತು ಅವರು ಸರಿಯಾಗಿ ಊಟಾನೇ ಮಾಡ್ಲಿಲ್ಲ. ಈ ಶನಿವಾರ ಬರೋಕೆ ಹೇಳು, ಹೋಳಿಗೆ ಮಾಡ್ತೀನಿ."