ಇಪ್ಪತ್ತೊಂದನೆಯ ಟ್ಯೂಬು

ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕರಕಲಾಗಿ, ಪಕ್ಕದ ಮನೆಯಾಕೆ ಕಿಟಕಿಯಿಂದ ಕೂಗುವ ತನಕ ಪ್ರೊಫೆಸರರು ಅದೇ ಒಲೆಗೆ ಬೆನ್ನು ಕೊಟ್ಟು ಪೇಪರ್ ಓದುತ್ತಿದ್ದರು.

"ವಾಸನೆ ಬರ್ಲಿಲ್ವೇನ್ರೀ?" ಹೆಂಡತಿ ಓಡಿಬಂದರು.

"ವಾರದಿಂದ ನೆಗಡಿ ಅಲ್ವೇನೇ."

"ಮದುವೆ ಆದಾಗಿಂದ್ಲೂ ನಿಮ್ಗೆ ನೆಗಡಿನೇ!"

ಮೆಡಿಕಲ್ ಕಾಲೇಜಿನಲ್ಲಿ ವಂಶವಾಹಿಗಳ ಪಾಠ ಹೇಳುವ ಪ್ರೊಫೆಸರರಿಗೆ ಅಂದು ಪಾತ್ರೆಯ ಚಿಂತೆಯಿರಲಿಲ್ಲ. ಹುಟ್ಟಿನಿಂದಲೇ ವಾಸನೆ ತಿಳಿಯದ ಒಂದು ದೊಡ್ಡ ಕುಟುಂಬದ ಬೆನ್ನು ಹತ್ತಿ ಅವರು ಇಪ್ಪತ್ತೆಂಟು ವರ್ಷ ಸವೆಸಿದ್ದರು. ಯಾರ ಮೂಗು ಯಾವ ಮುತ್ತಜ್ಜಿಯಿಂದ ಬಂತೆಂದು ಗೋಡೆ ತುಂಬ ವಂಶವೃಕ್ಷ ಬರೆದಿದ್ದರು. ದೋಷ ಯಾವ ವಂಶವಾಹಿಯಲ್ಲಿದೆ ಎಂಬುದು ಮಾತ್ರ ಸಿಕ್ಕಿರಲಿಲ್ಲ. ತಿಂಗಳ ಕೊನೆಗೆ ನಿವೃತ್ತಿ. ಅಷ್ಟರೊಳಗೆ ಒಂದಾದರೂ ಶೋಧ ತಮ್ಮ ಹೆಸರಿನಲ್ಲಿ ಅಚ್ಚಾಗಬೇಕೆಂಬುದು ಪಾಪ, ಅವರ ಒಂದೇ ಆಸೆ.

ಲ್ಯಾಬಿಗೆ ಕಾಲಿಟ್ಟರೆ ಮೇಜಿನ ಮೇಲೆ ವರದಿ! ಆ ಕುಟುಂಬದ ಇಪ್ಪತ್ತು ಜನರ ಇಪ್ಪತ್ತು ಟ್ಯೂಬು ರಕ್ತದಲ್ಲೂ, ಈವರೆಗೆ ಯಾರೂ ಕಾಣದ ಒಂದೇ ದೋಷ. ಪ್ರೊಫೆಸರರು ಗುಮಾಸ್ತನ ಕಿವಿಯಲ್ಲಿ ಹೇಳಿದರು. ಗುಮಾಸ್ತನ ಬಾಯಲ್ಲಿ ಮಾತು ನಿಲ್ಲುವುದುಂಟೆ? ಹತ್ತು ನಿಮಿಷದಲ್ಲಿ ಪ್ರಿನ್ಸಿಪಾಲರೇ ಬಂದು ಕೈ ಕುಲುಕಿದರು. ಪ್ರೊಫೆಸರರ ಕುರ್ಚಿ ಖಾಲಿಯಾಗುವುದನ್ನೇ ಕಾಯುತ್ತಿದ್ದ ಕಿರಿಯ ಡಾಕ್ಟರು ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ನಕ್ಕರು.

ಅಷ್ಟರಲ್ಲಿ ಲ್ಯಾಬ್ ಸಹಾಯಕಿ ಮೆಲ್ಲಗೆ, "ಸರ್, ಇಪ್ಪತ್ತೊಂದನೇ ಟ್ಯೂಬಲ್ಲೂ ಅದೇ ದೋಷ ಇದೆ" ಎಂದಳು.

"ಒಳ್ಳೇದಾಯ್ತಲ್ಲಮ್ಮ, ಇನ್ನೊಬ್ರು ಸಿಕ್ಕಿದ್ರು."

"ಅದ್ರಲ್ಲಿ ಯಾರ ರಕ್ತಾನೂ ಇಲ್ಲ ಸರ್, ಬರೀ ನೀರು. ಪರೀಕ್ಷೆ ಸರಿಯಾಗಿದ್ಯಾ ನೋಡೋಕೆ ನೀವೇ ಇಡ್ಸಿದ್ದು. ನೀರಿಗೂ ಮುತ್ತಜ್ಜಿ ಇರ್ತಾಳಾ ಸರ್?"

ಕನ್ನಡಕ ಮಂಜಾಗುತ್ತದೆಂದು ಮಾಸ್ಕ್ ತೆಗೆದಿಟ್ಟು, ಸೋರುವ ಮೂಗಿನಲ್ಲೇ ಟ್ಯೂಬುಗಳ ಮುಚ್ಚಳ ತೆರೆದವರು ಪ್ರೊಫೆಸರರೇ. ಸೀನಿದ್ದು ಎಷ್ಟು ಸಲವೆಂದು ಸಹಾಯಕಿಗೆ ಲೆಕ್ಕವೂ ನೆನಪಿತ್ತು. ಅವರ ಎಂಜಲನ್ನೇ ಪರೀಕ್ಷೆಗಿಟ್ಟರು. ಸಂಜೆಗೆ ಉತ್ತರ ಬಂತು: ಎಲ್ಲ ಟ್ಯೂಬಿನಲ್ಲೂ ಇದ್ದದ್ದು ಪ್ರೊಫೆಸರರದೇ ದೋಷ!

ಶೋಧವೆಲ್ಲ ನೀರುಪಾಲಾಯಿತೆಂದು ಅವರು ವರದಿಯನ್ನು ಮಡಿಚಿಟ್ಟರು. ಕಿರಿಯ ಡಾಕ್ಟರು ಮಾತ್ರ ಏನೋ ಹೊಳೆದವರಂತೆ ಹೋಗಿ, ಯಾರೋ ಎಂದೋ ಫ್ರಿಜ್ಜಿನಲ್ಲಿ ಮರೆತಿದ್ದ ಊಟದ ಡಬ್ಬಿ ತಂದು ಮುಚ್ಚಳವನ್ನು ತುಸು ಓರೆ ಮಾಡಿದರು. ಗುಮಾಸ್ತ ಮೂಗು ಮುಚ್ಚಿ ಓಡಿದ. ಪ್ರಿನ್ಸಿಪಾಲರು ಕಿಟಕಿಯಿಂದ ತಲೆ ಹೊರಹಾಕಿದರು.

ಪ್ರೊಫೆಸರರು ಡಬ್ಬಿಯತ್ತ ಬಗ್ಗಿ, "ಯಾರ್ದಪ್ಪಾ ಇದು? ನಂಗೂ ಹಸಿವಾಗಿದೆ" ಎಂದರು.

"ಸರ್, ಇದು ನೆಗಡಿಯಲ್ಲ, ನಿಮ್ಗೆ ವಾಸನೆನೇ ಗೊತ್ತಾಗಲ್ಲ! ಅಂದ್ರೆ ವಾಸನೆ ಕೆಡಿಸೋದು ಈ ದೋಷವೇ, ಶೋಧ ನಿಜ!" ಎಂದರು ಕಿರಿಯ ಡಾಕ್ಟರು.

ಪ್ರೊಫೆಸರರಿಗೆ ಹೋದ ಜೀವ ಬಂದಂತಾಯಿತು. "ಬರೀರಿ, ಈಗ್ಲೇ ಬರೀರಿ! ಮೊದ್ಲು ನನ್ನ ಹೆಸರು!"

ಕಿರಿಯ ಡಾಕ್ಟರು ಬಲು ವಿನಯದಿಂದ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಪ್ರೊಫೆಸರರದೇ ದಪ್ಪ ಅಕ್ಷರದಲ್ಲಿ, ಕಟ್ಟು ಹಾಕಿಸಿದ ನಿಯಮವಿತ್ತು: 'ರಕ್ತ, ಎಂಜಲು ಕೊಟ್ಟವರ ಹೆಸರು ಯಾವ ಕಾರಣಕ್ಕೂ ಅಚ್ಚಾಗಕೂಡದು.'

ಅಲ್ಲೇ ಕೂತು ಬರೆದ ಲೇಖನದ ಮೇಲೆ ಕಿರಿಯ ಡಾಕ್ಟರ ಹೆಸರು ಬಿತ್ತು. ಒಳಗೆ 'ಅರವತ್ತು ವರ್ಷ ವಯಸ್ಸಿನ ಒಬ್ಬ ಗಂಡಸು' ಎಂದಿತ್ತು.

ಅಂದು ರಾತ್ರಿ ಮನೆಯಲ್ಲಿ ಹೆಂಡತಿ ಇನ್ನೂ ಪಾತ್ರೆ ಉಜ್ಜುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ಕೇಳಿ ಕೈ ನಿಲ್ಲಿಸಿದರು.

"ನಿಮ್ಗೆ ವಾಸನೆ ತಿಳಿಯಲ್ಲ ಅಂತ ಇಷ್ಟು ವರ್ಷದಿಂದ ನಾನು ಬಡ್ಕೊಂಡಿದ್ದೂ ಅದೇ ಅಲ್ವೇನ್ರೀ? ಆಗ್ಲೇ ಬರ್ಕೊಂಡಿದ್ರೆ ನನ್ನ ಹೆಸರಾದ್ರೂ ಅಚ್ಚಾಗ್ತಿತ್ತು!"