ಅಪ್ಪನ ಹೆಸರಿದ್ದ ಪೋಸ್ಟರ್

ದಾರಿಯಲ್ಲಿ ಕೆಲವರಿಗೆ ಬೆಕ್ಕು ಅಡ್ಡ ಬರುತ್ತದೆ, ನನಗೆ ಗೋಡೆ ಅಡ್ಡ ಬರುತ್ತದೆ. ಗೋಡೆಯ ಮೇಲೆ ಹಳೆಯ ಪೋಸ್ಟರ್ ಕಂಡರೆ ಕಾಲು ಮುಂದೆ ಹೋಗುವುದಿಲ್ಲ, ನಿಂತಲ್ಲಿ ಒಂದು ಫಜೀತಿ ಆಗದೆ ಬಿಡುವುದಿಲ್ಲ. ಹುಮನಾಬಾದಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಡೇರೆ ಸಿನೆಮಾ, ಬಯಲಿನ ಕವ್ವಾಲಿ, ಭಜನೆ, ಇವುಗಳ ಪೋಸ್ಟರ್ ಕೂಡಿಸುವುದು ನನ್ನ ಹುಚ್ಚು.

ಹುಚ್ಚಿಗೆ ಕಾರಣವಿತ್ತು. ಅಪ್ಪ ಹಾರ್ಮೋನಿಯಂ ನುಡಿಸುತ್ತಿದ್ದ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಬಸವಕಲ್ಯಾಣದ ಬಯಲಿನಲ್ಲಿ ಒಂದು ಸಂಗೀತ ಸಭೆ ನಡೆಯಿತು. ಅದರ ಪೋಸ್ಟರಿನ ತಳದಲ್ಲಿ ಅಪ್ಪನ ಹೆಸರು ಅಚ್ಚಾಗಿತ್ತು ಎಂದು, ಅವನಿಗೆ ತಬಲಾ ಸಾಥ್ ಕೊಟ್ಟ ದರ್ಜಿ ಚಾಚಾ ಹೇಳಿದ್ದರು. ಮರುವರ್ಷವೇ ಅಪ್ಪ ತೀರಿಹೋದ. ಅವನದೊಂದು ಫೋಟೋ ಕೂಡ ಇಲ್ಲ. ಆ ಪೋಸ್ಟರ್ ಹುಡುಕಿ, ಚೌಕಟ್ಟು ಹಾಕಿಸಿ, ಅವ್ವನ ಮುಂದೆ ಇಡಬೇಕು. ಅಲ್ಲಿಯವರೆಗೆ ಅವಳಿಗೆ ಸುಳಿವೂ ಹತ್ತಬಾರದು ಎಂಬುದು ನನ್ನ ಹಟ.

ಬಾಗಿಲು

ಮೋರಖಂಡಿಯ ಒಬ್ಬ ರೈತನ ಕೊಟ್ಟಿಗೆಯ ಬಾಗಿಲಿಗೆ ಸಿನೆಮಾ ಪೋಸ್ಟರ್ ಅಂಟಿತ್ತು. ಹರಿದ ಮೂಲೆಯ ಕೆಳಗೆ ಇನ್ನೊಂದು ಪದರ, ಅದರಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ತುದಿ ಕಂಡಿತು. ಕೆರೆದರೆ ಎರಡೂ ಹರಿಯುತ್ತವೆ. ರೈತ ದೊಡ್ಡ ಮನಸ್ಸಿನವನು. ಬಾಗಿಲನ್ನೇ ಒಯ್ಯಿರಿ, ದನ ಹೊರಬೀಳದಂತೆ ಇನ್ನೊಂದು ತಂದುಕೊಟ್ಟರೆ ಸಾಕು ಎಂದ. ನಮ್ಮ ಬಚ್ಚಲ ಬಾಗಿಲು ಕಿತ್ತು, ಬಸ್ಸಿನ ಮೇಲೆ ಹೇರಿಸಿಕೊಂಡು ಹೋಗಿ ಬದಲಿ ಮಾಡಿ ತಂದೆ.

ಬಚ್ಚಲಿಗೆ ಬಾಗಿಲಿಲ್ಲದೆ ನಡೆಯುತ್ತದೆಯೇ? ಅವ್ವ ಬಂದ ಬಾಗಿಲನ್ನು ಅಲ್ಲಿಯೇ ಹಾಕಿಸಿದಳು. ಬಿಸಿನೀರಿನ ಹಬೆಗೆ ನಾಲ್ಕೇ ದಿನದಲ್ಲಿ ಮೇಲಿನ ಪೋಸ್ಟರ್ ತಾನಾಗಿ ಸುಲಿದು ಬಿತ್ತು. ಕೆಳಗಿದ್ದದ್ದು ಹಾರ್ಮೋನಿಯಂ ಅಲ್ಲ, ತಗಡಿನ ಟ್ರಂಕಿನ ಜಾಹೀರಾತು. ನಾನು ತಲೆ ಮೇಲೆ ಕೈ ಹೊತ್ತು ಕುಳಿತರೆ, ಅವ್ವ ಬಿದ್ದ ಪೋಸ್ಟರ್ ಮಡಚುತ್ತ ಹೇಳಿದಳು:

"ಹೀರೋ ಮರ್ಯಾದಸ್ಥ ಅದಾನ ನೋಡು. ಹೆಣ್ಣುಮಕ್ಕಳು ಜಳಕಾ ಮಾಡೋ ಜಾಗಾ ಅಂತ ತಿಳದು ತಾನೇ ಇಳದು ಹೋದ."

ಹಾರ

ಅಪ್ಪನ ತಲೆಮಾರು ಉರ್ದು ಕಲಿತಿತ್ತು, ನಾನು ಕನ್ನಡ ಶಾಲೆಗೆ ಹೋದವನು, ಉರ್ದು ಓದಲು ಬಾರದು. ಬಸವಕಲ್ಯಾಣದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವರ ಹತ್ತಿರ ಒಂದು ಹಳೆಯ ಉರ್ದು ಪೋಸ್ಟರ್ ಸಿಕ್ಕಿತು. ಸುತ್ತಲೂ ಬಳ್ಳಿ, ನಡುವೆ ದಪ್ಪ ಅಕ್ಷರ, ತಳದಲ್ಲಿ ಸಾಲಾಗಿ ಹೆಸರುಗಳು. ಇದೇ ಎಂದು ಮನಸ್ಸು ಹೇಳಿತು. ಚೌಕಟ್ಟು ಹಾಕಿಸಿ, ಮಲ್ಲಿಗೆ ಹಾರ ಹಾಕಿ, ಅವ್ವನಿಗೆ ತೋರಿಸುವ ಮೊದಲು ಓದಿಸೋಣವೆಂದು ಚಾಚಾನ ಅಂಗಡಿಗೆ ಒಯ್ದೆ.

ಹಾರ ನೋಡಿ ಚಾಚಾ ಹೊಲಿಗೆ ನಿಲ್ಲಿಸಿದರು, ಟೋಪಿ ಸರಿಮಾಡಿಕೊಂಡರು, ಎರಡು ಸಲ ಓದಿದರು. ತಳದಲ್ಲಿದ್ದವು ಹಳ್ಳಿಗಳ ಹೆಸರಂತೆ. ಕಾಲುಬೇನೆ ಬಂದ ಎತ್ತುಗಳನ್ನು ಸಂತೆಗೆ ತರಬಾರದೆಂಬ ಸರಕಾರಿ ಜಾಹೀರು ಅದು. ನನ್ನ ಮುಖ ಇಳಿದದ್ದು ಕಂಡು ಅವರಿಗೇ ಸಂಕಟವಾಯಿತು.

"ಬೇಜಾರ್ ಆಗಬ್ಯಾಡ ಬೇಟಾ. ಎತ್ತಿಗಿ ಇಷ್ಟು ಇಜ್ಜತ್ ಯಾರೂ ಕೊಟ್ಟಿಲ್ಲ."

ದಾನ

ಮಾಸ್ತರಿಗೆ ಅಚ್ಚಿನ ಕಾಗದ ಬೇಕಂತೆ ಎಂದು ಸುದ್ದಿ ಹಬ್ಬಿತು. ಹಳ್ಳಿಖೇಡದ ಕಬ್ಬಿನ ಲಾರಿಯವನು ದೂರದೂರಿನ ಗೋಡೆಗಳಿಂದ ಪೋಸ್ಟರ್ ಬಿಡಿಸಿ ತಂದ. ಕೊಡಂಬಲದ ಕಿರಾಣಿಯವನು ಬೆಲ್ಲದ ಕಲೆ ಸಮೇತ ಕಳಿಸಿದ. ನನ್ನ ಸಂಗ್ರಹದ ಮುಕ್ಕಾಲು ಪಾಲು ಇಂಥವರ ಪ್ರೀತಿ. ಅವರ ಋಣ ನಾನು ತೀರಿಸಲಾರೆ. ಲಗ್ನಪತ್ರಿಕೆ, ಬೀಜದ ಚೀಲದ ಚೀಟಿ ಬಂದರೂ ಬೇಡವೆನ್ನಲಿಲ್ಲ. ಒಬ್ಬ ಹಿತೈಷಿಯಂತೂ ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯನ್ನೇ ಬಿಡಿಸಿ ತಂದು ನನ್ನ ಗೋಡೆಗೆ ಅಂಟಿಸಿಬಿಟ್ಟ.

ಮರುದಿನದಿಂದ ಪ್ರಯಾಣಿಕರು ನಮ್ಮ ಮನೆಗೇ ಬಂದು ಬಸ್ಸು ಕೇಳತೊಡಗಿದರು. ಅವ್ವ ಅವರಿಗೆಲ್ಲ ನೀರು ಕೊಟ್ಟು ಕೂಡಿಸಿದಳು. ಮೂರನೆಯ ದಿನ ಕಂಡಕ್ಟರ್ ಸಾಹೇಬರೇ ಬಾಗಿಲಿಗೆ ಬಂದರು.

"ಮಾಸ್ತರ್, ನಮ್ಮ ಗಾಡಿ ಎಷ್ಟಕ್ಕ ಬಿಡಬೇಕ್ರಿ?"

ಮೆಂತ್ಯೆ

ಹೀಗೆಯೇ ವರ್ಷಗಳು ಕಳೆದವು. ಅವ್ವನಿಗೆ ವಯಸ್ಸಾಯಿತು, ಅವಳ ರೊಟ್ಟಿ ಬುಟ್ಟಿಗೂ ವಯಸ್ಸಾಗಿ ಅಂಚು ಬಿರಿಯಿತು. ನಮ್ಮ ಕಡೆ ಬಿದಿರಿನ ಬುಟ್ಟಿಗೆ ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯೆಯೊಂದಿಗೆ ರುಬ್ಬಿ ಮೆತ್ತುತ್ತಾರೆ. ಆ ಕಹಿಗೆ ಹುಳ ಹಿಡಿಯುವುದಿಲ್ಲ. ನಿನ್ನ ಕಟ್ಟಿನಿಂದ ನಾಲ್ಕು ಪೋಸ್ಟರ್ ಕೊಡು ಎಂದಳು. ಇವು ಎಲ್ಲಿಯೂ ಸಿಗದ ಕಾಗದ, ಕೊಡಲಾರೆ ಎಂದು ರೇಗಿದೆ.

"ಅಂಥಾದ್ದೇ ಬೇಕು. ಹಿಂದ ನಿಮ್ಮಪ್ಪನ ಹೆಸರಿದ್ದ ಪೋಸ್ಟರ್ ಹಾಕಿ ಮೆತ್ತಿದ್ದೆ, ಇಷ್ಟು ವರ್ಷ ಬಾಳಿತು ನೋಡು."

ಎಲ್ಲವನ್ನೂ ಬಾಯಿಬಿಟ್ಟೆ: ಬಾಗಿಲು, ಎತ್ತು, ಊರೂರು ತಿರುಗಿದ್ದು. ಅವ್ವ ಬುಟ್ಟಿಯ ಅಂಚು ಸವರುತ್ತ ಹೇಳಿದಳು:

"ಅದಕ್ಕ ಗೆದ್ದಲ ಹತ್ತಿತ್ತು. ಸುಡಾಕ ಮನಸ್ಸು ಬರಲಿಲ್ಲ. ಅಂಗಡಿಗಿ ಕೊಟ್ರ ಬೆಲ್ಲಾ ಕಟ್ಟಿ ಬೀದ್ಯಾಗ ಒಗೀತಾರ, ಅವರ ಹೆಸರು ಮಂದಿ ಕಾಲಾಗ ಬರ್ತದ. ಅದಕ್ಕ ಬುಟ್ಟಿಗಿ ಮೆತ್ತಿದೆ. ದಿನಾ ನಿನ್ನ ರೊಟ್ಟಿ ಜೋಡಿ ಇರ್ಲಿ ಅಂತ. ಒಂದು ಮಾತು ಕೇಳಿದ್ರ ಅವತ್ತೇ ಹೇಳ್ತಿದ್ದೆ."

ಊರೆಲ್ಲ ಹುಡುಕಿದ್ದನ್ನು ನಾನು ದಿನಕ್ಕೆರಡು ಸಲ ಕೈಹಾಕಿ ಮುಟ್ಟುತ್ತಿದ್ದೆ. ಅಳು ಬಂತು, ಅದರ ಹಿಂದೆಯೇ ನಗೆಯೂ ಬಂತು. ಅಂಥ ಅವ್ವನನ್ನು ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಪೋಸ್ಟರಿನ ಕೋಣೆಯಲ್ಲಿ, ಎಲ್ಲಕ್ಕಿಂತ ಮೇಲೆ ಮೊಳೆ ಹೊಡೆದು ಬುಟ್ಟಿಯನ್ನು ತೂಗುಹಾಕಿದೆ. ಚಾಚಾನನ್ನು ಕರೆತಂದೆ. ಅವರು ಬುಟ್ಟಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇಬ್ಬರೂ ಅದರ ಮುಂದೆ ನಿಂತಿದ್ದಾಗ ಅವ್ವ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದಳು.

"ನಿಮ್ಮಪ್ಪನ್ನ ನೋಡೋದು ಮುಗದಿದ್ರ ಬುಟ್ಟಿ ಇಳಸು. ಅಡಗಿಮನ್ಯಾಗ ಬಿಸಿ ರೊಟ್ಟಿ ಬೆವರಾಕತ್ತಾವ."